ಮತ್ಸ್ಯಾಲಯದಲ್ಲಿ ಮಾರ್ಕೆಟಿಂಗ್ ಮತ್ತು ವಿನ್ಯಾಸದ ವೃತ್ತಿ: ತಯಾರಿಯಿಂದ ಮೊದಲ ವರ್ಷದವರೆಗೆ ಸಮಗ್ರ ಮಾರ್ಗದರ್ಶಿ

ಸಾರ್ವಜನಿಕ ಮತ್ಸ್ಯಾಲಯದ ಮಾರ್ಕೆಟಿಂಗ್ ಅಥವಾ ವಿನ್ಯಾಸ ವಿಭಾಗಕ್ಕೆ ಸೇರಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ, ಜೀವಶಾಸ್ತ್ರ ಓದಿರಬೇಕೇ ಎಂಬುದು. ಓದಿರಲೇಬೇಕೆಂದೇನೂ ಇಲ್ಲ. ಆದರೆ ಜನ ದುಡ್ಡು ಕೊಟ್ಟು ನೋಡಲು ಬರುವುದು ಜೀವವಿರುವ ಪ್ರಾಣಿಗಳನ್ನು ಎಂಬ ಸಂಗತಿಯನ್ನು ಮೊದಲ ದಿನದಿಂದಲೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ಪ್ರಾಣಿ ನಮ್ಮ ಜಾಹೀರಾತಿನ ವೇಳೆಗೆ ಸರಿಯಾಗಿ ಗಾಜಿನ ಬಳಿ ಬರುವುದಿಲ್ಲ. ಬಂಡೆಯ ಸಂದಿಯಲ್ಲಿ ಮಲಗಿರುತ್ತದೆ, ಕಾಯಿಲೆ ಬೀಳುತ್ತದೆ, ಮೊಟ್ಟೆಯಿಡುತ್ತದೆ, ಒಮ್ಮೊಮ್ಮೆ ಸತ್ತೂ ಹೋಗುತ್ತದೆ. ತೊಟ್ಟಿಯಲ್ಲಿ ಕಾಣುವುದಕ್ಕಿಂತ ಒಂದಿಷ್ಟೂ ಹೆಚ್ಚಿನದನ್ನು ಜನರಿಗೆ ಆಸೆ ತೋರಿಸದೆ, ಕಾಣುವಷ್ಟನ್ನೇ ಸೊಗಸಾಗಿ ಕಾಣಿಸುವುದು ಈ ಕೆಲಸದ ತಿರುಳು ಎಂದು ನಾನು ತಿಳಿದಿದ್ದೇನೆ. ಮುಂದಿನ ಹಂತಗಳೆಲ್ಲ ಆ ತಿಳಿವಿನ ಮೇಲೆಯೇ ನಿಂತಿವೆ.

ಹಂತ 1: ಸಂಸ್ಥೆಯ ಸ್ವಭಾವವನ್ನು ಅರಿಯಿರಿ

ಸಾರ್ವಜನಿಕರಿಗಾಗಿ ಕಟ್ಟಿದ ಮೊದಲ ಮತ್ಸ್ಯಾಲಯ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಮೀನುಮನೆ. ಅಲ್ಲಿಂದೀಚೆಗೆ ಈ ಸಂಸ್ಥೆಗಳು ಹಲವು ಬಗೆಯಾಗಿ ಬೆಳೆದಿವೆ: ಕೆಲವು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು, ಕೆಲವು ಸರ್ಕಾರದ ಅಥವಾ ವಿಶ್ವವಿದ್ಯಾಲಯದ ಅಂಗಗಳು, ಇನ್ನು ಕೆಲವು ಹಲವಾರು ದೇಶಗಳಲ್ಲಿ ಶಾಖೆಗಳಿರುವ ವ್ಯಾಪಾರಿ ಕಂಪನಿಗಳು. ಅರ್ಜಿ ಹಾಕುವ ಮೊದಲು ಆ ಸಂಸ್ಥೆ ಯಾವ ಬಗೆಯದು, ಅದರ ಆದಾಯದಲ್ಲಿ ಟಿಕೆಟ್, ಸದಸ್ಯತ್ವ, ದೇಣಿಗೆ, ಅಂಗಡಿ ಮತ್ತು ಸಮಾರಂಭಗಳ ಬಾಡಿಗೆ ಇವುಗಳಲ್ಲಿ ಯಾವುದು ಮುಖ್ಯ ಎಂಬುದನ್ನು ವಾರ್ಷಿಕ ವರದಿಯಿಂದ ತಿಳಿದುಕೊಳ್ಳಿ. ದೇಣಿಗೆಯ ಬಲದಿಂದ ನಡೆಯುವ ಸಂಸ್ಥೆಯಲ್ಲಿ ವಿನ್ಯಾಸಕನ ಬಹುಪಾಲು ಸಮಯ ದಾನಿಗಳಿಗೆ ಕಳುಹಿಸುವ ಪತ್ರ, ವರದಿ ಮತ್ತು ಆಮಂತ್ರಣಗಳಲ್ಲಿ ಕಳೆಯುತ್ತದೆ. ಟಿಕೆಟ್ಟನ್ನೇ ನೆಚ್ಚಿಕೊಂಡ ಸಂಸ್ಥೆಯಲ್ಲಿ ರಜಾದಿನಗಳ ಜಾಹೀರಾತೇ ಮೇಲುಗೈ ಪಡೆಯುತ್ತದೆ.

ಪ್ರತಿ ಮತ್ಸ್ಯಾಲಯಕ್ಕೂ ತನ್ನದೇ ಒಂದು ಬಂಡವಾಳವಿರುತ್ತದೆ. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಚುರಾಉಮಿ ಮತ್ಸ್ಯಾಲಯದ ಮುಖ್ಯ ತೊಟ್ಟಿಯ ಆಕ್ರಿಲಿಕ್ ಕಿಟಕಿ 8.2 ಮೀಟರ್ ಎತ್ತರ, 22.5 ಮೀಟರ್ ಅಗಲ, 60 ಸೆಂಟಿಮೀಟರ್ ದಪ್ಪವಾಗಿದ್ದು, ಅದರ ಹಿಂದೆ 7,500 ಘನ ಮೀಟರ್ ನೀರಿನಲ್ಲಿ ತಿಮಿಂಗಿಲ ಶಾರ್ಕ್‌ಗಳು ಈಜುತ್ತವೆ. ಆ ಕಿಟಕಿಯ ಮುಂದೆ ನಿಂತ ಮಗುವೊಂದರ ಕಪ್ಪು ನೆರಳಿನ ಚಿತ್ರ ಸಿಕ್ಕರೆ ಜಾಹೀರಾತಿಗೆ ಮಾತೇ ಬೇಕಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಮತ್ಸ್ಯಾಲಯ 1984ರಲ್ಲಿ ತೆರೆದದ್ದು ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ. ಎದುರಿಗಿರುವ ಕೊಲ್ಲಿಯೇ ಅದರ ಕಥೆ. ಹಾಗೆಯೇ ನೀವು ಸೇರಬಯಸುವ ಸಂಸ್ಥೆಗೆ ಬೇರೆಲ್ಲೂ ಸಿಗದ ಯಾವ ಒಂದು ಸಂಗತಿಯಿದೆ ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಸಂದರ್ಶನದಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ.

ಮಾನ್ಯತೆಯ ವಿಷಯವನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ಎಝಡ್‌ಎ ಎಂಬ ಮೃಗಾಲಯ ಮತ್ತು ಮತ್ಸ್ಯಾಲಯಗಳ ಸಂಘ ತನ್ನ ಮಾನ್ಯತೆಗಾಗಿ ಪ್ರತಿ 5 ವರ್ಷಕ್ಕೊಮ್ಮೆ ಸಂಸ್ಥೆಗಳನ್ನು ಮರುಪರಿಶೀಲಿಸುತ್ತದೆ. ಪ್ರಾಣಿಗಳ ಆರೈಕೆಯ ಜೊತೆಗೆ ಶಿಕ್ಷಣ ಮತ್ತು ಸಂರಕ್ಷಣೆಯ ಕೆಲಸವನ್ನೂ ಅಲ್ಲಿ ತೂಗಿ ನೋಡುವುದರಿಂದ, ಗೋಡೆಯ ಮೇಲೆ ನೀವು ಬರೆದ ಸಾಲುಗಳೂ ಲೆಕ್ಕಕ್ಕೆ ಬರುತ್ತವೆ.

ಹಂತ 2: ಯಾವ ಹುದ್ದೆ ಎಂಬುದನ್ನು ತೀರ್ಮಾನಿಸಿ

ದೊಡ್ಡ ಸಂಸ್ಥೆಗಳಲ್ಲಿ ಗ್ರಾಫಿಕ್ ವಿನ್ಯಾಸಕರು, ಪ್ರದರ್ಶನ ವಿನ್ಯಾಸಕರು, ಫಲಕಗಳ ಬರಹಗಾರರು, ಛಾಯಾಗ್ರಾಹಕರು, ಸಾಮಾಜಿಕ ಜಾಲತಾಣ ನೋಡಿಕೊಳ್ಳುವವರು, ಪತ್ರಿಕಾ ಸಂಪರ್ಕದವರು, ಸದಸ್ಯತ್ವ ವಿಭಾಗದವರು ಎಂದು ಬೇರೆ ಬೇರೆಯಾಗಿರುತ್ತಾರೆ. ಸಣ್ಣ ಸಂಸ್ಥೆಯಲ್ಲಿ ಇವೆಲ್ಲವೂ ಇಬ್ಬರ ತಲೆಯ ಮೇಲೆ ಬೀಳುತ್ತವೆ. ಮೊದಲ ಕೆಲಸಕ್ಕೆ ನಾನಾದರೆ ಸಣ್ಣದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಬೆಳಿಗ್ಗೆ ಟಿಕೆಟ್ ಪುಟವನ್ನು ತಿದ್ದಿ ಮಧ್ಯಾಹ್ನ ತೊರಕೆ ಮೀನಿನ ತೊಟ್ಟಿಯ ಫಲಕ ಬರೆದವರಿಗೆ ಎರಡರ ನಡುವಿನ ಸಂಬಂಧ ತಾನಾಗಿ ತಿಳಿಯುತ್ತದೆ.

ಹಂತ 3: ತೊಟ್ಟಿಯ ಮುಂದೆ ಕುಳಿತು ಜನರನ್ನು ನೋಡಿ

ಈ ಹಂತವನ್ನು ಬಹುತೇಕರು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಹತ್ತಿರದ ಯಾವುದಾದರೂ ಮತ್ಸ್ಯಾಲಯದಲ್ಲಿ ಸ್ವಯಂಸೇವಕರಾಗಿ ಕೆಲವು ತಿಂಗಳು ದುಡಿಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆಗದಿದ್ದರೆ ಟಿಕೆಟ್ ಕೊಂಡು ಒಳಗೆ ಹೋಗಿ, ಒಂದೇ ತೊಟ್ಟಿಯ ಪಕ್ಕದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಮೀನನ್ನು ನೋಡಬೇಡಿ, ಜನರನ್ನು ನೋಡಿ. ಯಾರು ನಿಂತರು, ಎಷ್ಟು ಹೊತ್ತು ನಿಂತರು, ಮೊದಲು ಏನು ಮಾತಾಡಿದರು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಹೀಗೆ ಕುಳಿತಾಗ ಆಕ್ಟೋಪಸ್ ತೊಟ್ಟಿಯ ಮುಂದೆ ಮತ್ತೆ ಮತ್ತೆ ಕಿವಿಗೆ ಬೀಳುವ ಮೊದಲ ಮಾತು "ಎಲ್ಲಿದೆ?" ಎಂಬುದು. ಎರಡನೆಯದು "ಬದುಕಿದೆಯೇ?" ಎಂಬುದು. ಅದರ ಮೂರು ಹೃದಯಗಳ ಬಗ್ಗೆ, ನೀಲಿ ರಕ್ತದ ಬಗ್ಗೆ ಯಾರೂ ಕೇಳುವುದಿಲ್ಲ; ಫಲಕದಲ್ಲಿ ಮಾತ್ರ ಬಹುಪಾಲು ಅದೇ ಇರುತ್ತದೆ. ಇದರಿಂದ ಕಲಿಯಬೇಕಾದ ಪಾಠ ಸರಳವಾದದ್ದು. ಫಲಕದ ಮೊದಲ ಸಾಲು "ಎಲ್ಲಿದೆ?" ಎಂಬುದಕ್ಕೆ ಉತ್ತರವಾಗಿರಬೇಕು: ಬಂಡೆಯ ಅಡಿಯ ಕತ್ತಲ ಮೂಲೆಯನ್ನು ನೋಡಿ, ಉಬ್ಬಿ ತಗ್ಗುವ ಚರ್ಮ ಕಂಡರೆ ಅದು ಉಸಿರಾಡುತ್ತಿದೆ. ಹಾಗೆ ಹೇಳಿದರೆ ಜನ ಬಗ್ಗಿ ನೋಡುತ್ತಾರೆ, ಕಂಡರೆ ಕೂಗಿ ಇನ್ನೊಬ್ಬರನ್ನು ಕರೆಯುತ್ತಾರೆ, ಆಮೇಲೆಯೇ ಮೂರು ಹೃದಯಗಳ ಮಾತಿಗೆ ಕಿವಿ ತೆರೆಯುತ್ತದೆ. ಪ್ರಾಣಿ ಚುರುಕಾಗಿ ಓಡಾಡುವಾಗ ಫಲಕವನ್ನು ಯಾರೂ ಓದುವುದಿಲ್ಲ ಎಂಬುದನ್ನೂ ನೀವು ಗಮನಿಸುವಿರಿ. ತೊಟ್ಟಿ ಖಾಲಿಯಾಗಿ ಕಂಡಾಗಲೇ ಕಣ್ಣು ಅಕ್ಷರದ ಕಡೆಗೆ ಹೊರಳುತ್ತದೆ.

ಸಂಗ್ರಹಿಸಿದ ಇಂಥ ಟಿಪ್ಪಣಿಗಳೇ ಮುಂದೆ ನಿಮ್ಮ ಪೋರ್ಟ್‌ಫೋಲಿಯೊದ, ಅಂದರೆ ಕೆಲಸದ ಮಾದರಿಗಳ ಸಂಗ್ರಹದ, ಅತ್ಯಂತ ಬೆಲೆಬಾಳುವ ಪುಟಗಳಾಗುತ್ತವೆ.

ಹಂತ 4: ನೀರಿನ ಮೂಲಕ ನೋಡುವುದನ್ನು ಕಲಿಯಿರಿ

ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಹಾಗಾಗಿ ಚಪ್ಪಟೆ ಗಾಜಿನ ಹೊರಗೆ ನೇರವಾಗಿ ನಿಂತು ನೋಡಿದರೆ, ಒಳಗಿನ ಮೀನು ಗಾಜಿನಿಂದ ಇರುವ ದೂರದ ಮುಕ್ಕಾಲು ಭಾಗದಷ್ಟೇ ದೂರದಲ್ಲಿ ಇರುವಂತೆ ತೋರುತ್ತದೆ, ಗಾತ್ರವೂ ದೊಡ್ಡದಾಗಿ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ಚಿತ್ರ ಕದಡಿ, ಅಂಚುಗಳಲ್ಲಿ ಬಣ್ಣದ ಗೆರೆಗಳು ಮೂಡುತ್ತವೆ. ಆದ್ದರಿಂದ ಛಾಯಾಗ್ರಹಣದ ಮೊದಲ ನಿಯಮ, ಲೆನ್ಸನ್ನು ಆಕ್ರಿಲಿಕ್‌ಗೆ ನೇರವಾಗಿ, ಆದಷ್ಟು ಹತ್ತಿರ ಹಿಡಿಯುವುದು. ಲೆನ್ಸಿನ ತುದಿಗೆ ಮೆತ್ತನೆಯ ರಬ್ಬರ್ ಹುಡ್ ಹಾಕಿ ಒತ್ತಿ ಹಿಡಿದರೆ ಹಿಂದಿನ ದೀಪಗಳ ಪ್ರತಿಫಲನವೂ ನಿಲ್ಲುತ್ತದೆ. ಗಟ್ಟಿ ಅಂಚಿನ ಹುಡ್ ಬೇಡ, ಆಕ್ರಿಲಿಕ್ ಗಾಜಿಗಿಂತ ಬಹಳ ಬೇಗ ಗೀರುತ್ತದೆ. ಮೈಗೆ ಕಪ್ಪು ಅಂಗಿ ಇರಲಿ. ಫ್ಲ್ಯಾಷ್ ಬಳಸುವಂತಿಲ್ಲ, ಅದು ಪ್ರಾಣಿಗಳನ್ನು ಬೆಚ್ಚಿಬೀಳಿಸುವುದರ ಜೊತೆಗೆ ಆಕ್ರಿಲಿಕ್ ಮೇಲೆ ಬಿಳಿ ಚುಕ್ಕೆಯಾಗಿ ಹಿಂದಿರುಗುತ್ತದೆ, ನೀರಿನಲ್ಲಿ ತೇಲುವ ಕಣಗಳನ್ನೆಲ್ಲ ಹಿಮದ ಹಾಗೆ ಬೆಳಗಿಸುತ್ತದೆ.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ನೀರು ಮೊದಲು ಹೀರುವುದು ಕೆಂಪು ಬೆಳಕನ್ನು. ಹವಳದ ತೊಟ್ಟಿಗಳ ಮೇಲೆ ಉರಿಯುವ ನೀಲಿ ಎಲ್‌ಇಡಿ ದೀಪಗಳು ಉಳಿದದ್ದನ್ನೂ ನುಂಗಿಹಾಕುತ್ತವೆ. ಕ್ಯಾಮೆರಾ ತಾನಾಗಿ ಆರಿಸಿದ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಹೊಂದಾಣಿಕೆ, ಇಲ್ಲಿ ಹೆಚ್ಚಿನ ಸಲ ತಪ್ಪುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದು ನಂತರ ತಿದ್ದಿ, ಆದರೆ ತಿದ್ದುವಾಗ ಪಕ್ಕದಲ್ಲಿ ಪ್ರಾಣಿಗಳ ಪಾಲಕರೊಬ್ಬರನ್ನು ಕೂರಿಸಿಕೊಳ್ಳಿ. ದಿನವೂ ಆ ಮೀನಿಗೆ ಆಹಾರ ಹಾಕುವವರಿಗೆ ಅದರ ನಿಜವಾದ ಬಣ್ಣ ಗೊತ್ತಿರುತ್ತದೆ, ನಮಗೆ ನಮ್ಮ ಪರದೆಯ ಬಣ್ಣ ಮಾತ್ರ ಗೊತ್ತಿರುತ್ತದೆ. ಜೆಲ್ಲಿಗಳನ್ನು (ಅಂಬಲಿ ಮೀನುಗಳನ್ನು) ಮೂಲೆಗಳಿಗೆ ಸಿಕ್ಕಿಕೊಳ್ಳದಂತೆ ದುಂಡು ತೊಟ್ಟಿಗಳಲ್ಲಿ ಇಡುತ್ತಾರೆ. ಪಕ್ಕದಿಂದ ಬೆಳಕು ಬಿದ್ದು ಹಿನ್ನೆಲೆ ಕಪ್ಪಾಗಿಯೋ ನೀಲಿಯಾಗಿಯೋ ಇರುವುದರಿಂದ ಹೊಸಬರ ಕೈಗೆ ಮೊದಲ ಒಳ್ಳೆಯ ಚಿತ್ರ ಸಿಗುವುದು ಅಲ್ಲಿಯೇ. ಮುಂಜಾನೆ, ಬಾಗಿಲು ತೆರೆಯುವ ಮುನ್ನ, ಗಾಜು ಒರೆಸಿದ ಕೂಡಲೇ ಕೆಲಸ ಮುಗಿಸಿ. ಹತ್ತು ಗಂಟೆಯ ಹೊತ್ತಿಗೆ ಮಕ್ಕಳ ಎತ್ತರದಲ್ಲಿ ಬೆರಳಿನ ಗುರುತುಗಳು ಒಂದು ಪಟ್ಟಿಯಾಗಿ ಮೂಡಿರುತ್ತವೆ.

ಹಂತ 5: ಫಲಕಗಳ ವಿನ್ಯಾಸವನ್ನು ಕರಗತ ಮಾಡಿಕೊಳ್ಳಿ

ಮತ್ಸ್ಯಾಲಯದ ಮಬ್ಬುಗತ್ತಲಿನಲ್ಲಿ ಕಚೇರಿಯ ಕಂಪ್ಯೂಟರ್ ಪರದೆಯ ತೀರ್ಮಾನಗಳು ನಿಲ್ಲುವುದಿಲ್ಲ. ನಾನು ವಿನ್ಯಾಸ ಮಾಡಿದ ಮೊದಲ ಬೆಳಕಿನ ಫಲಕದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳಿದ್ದವು. ಓದಲು ಚೆನ್ನಾಗಿಯೇ ಇತ್ತು. ಆದರೆ ಅದನ್ನು ಹಚ್ಚಿದ ಸಂಜೆ ಎದುರು ಗೋಡೆಯ ಜೆಲ್ಲಿ ತೊಟ್ಟಿಯ ಮುಂದೆ ನಿಂತು ನೋಡಿದರೆ, ಜೆಲ್ಲಿಗಳ ನಟ್ಟನಡುವೆ ನನ್ನ ಫಲಕ ಕನ್ನಡಿಯ ಬರಹದಂತೆ ತಿರುಗುಮುರುಗಾಗಿ ಹೊಳೆಯುತ್ತಿತ್ತು. ಮರುದಿನವೇ ಅದನ್ನು ಇಳಿಸಬೇಕಾಯಿತು. ಅಂದಿನಿಂದ ಗಾಢ ಹಿನ್ನೆಲೆ, ತಿಳಿ ಅಕ್ಷರ, ಮಂದ ಬೆಳಕು ಎಂಬುದನ್ನು ಬಿಟ್ಟಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಫಲಕವನ್ನು ಅಚ್ಚಿಗೆ ಕಳುಹಿಸುವ ಮೊದಲು ಅದೇ ಅಳತೆಯ ಕಾಗದದ ಪ್ರತಿಯನ್ನು ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಅಂಟಿಸಿ ನೋಡುತ್ತೇನೆ. ಗಾಢ ಹಿನ್ನೆಲೆಯಲ್ಲಿ ತೆಳ್ಳನೆಯ ಅಕ್ಷರಗಳು ಕರಗಿಹೋಗುವುದರಿಂದ ಒಂದು ಹಂತ ದಪ್ಪನೆಯ ಅಕ್ಷರವನ್ನೇ ಆರಿಸಿ. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಹೊಳಪಿನ ವ್ಯತ್ಯಾಸಕ್ಕೆ ವೆಬ್ ಪುಟಗಳ ಸುಲಭಬಳಕೆಯ ಮಾನದಂಡವು ಸಾಮಾನ್ಯ ಅಳತೆಯ ಅಕ್ಷರಗಳಿಗೆ ಕನಿಷ್ಠ 4.5ಕ್ಕೆ 1 ಎಂದು ಹೇಳುತ್ತದೆ. ಗೋಡೆಯ ಫಲಕಕ್ಕೆ ಅದಕ್ಕಿಂತ ಸಾಕಷ್ಟು ಹೆಚ್ಚೇ ಇರಲಿ.

ವಸ್ತುವಿನ ಆಯ್ಕೆಯಲ್ಲಿ ಉಪ್ಪು ನಿಮ್ಮ ಶತ್ರು. ಕಡಲ ನೀರಿನ ತುಂತುರು ಒಣಗಿ ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ, ಸಾಧಾರಣ ಸ್ಕ್ರೂಗಳು ತುಕ್ಕು ಹಿಡಿದು ಫಲಕದ ಮೇಲೆ ಕಂದು ಕಣ್ಣೀರು ಸುರಿಸುತ್ತವೆ, ತೇವದಿಂದ ಅಂಟು ಬಿಟ್ಟುಕೊಳ್ಳುತ್ತದೆ. ನೀರಿನ ಹತ್ತಿರದ ಕೆಲಸಕ್ಕೆ ಉಪ್ಪಿನ ತುಕ್ಕನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ಪಡೆಯಿರಿ. ತೊಟ್ಟಿಯೊಳಗೆ ಬೀಳಬಹುದಾದ ಯಾವ ವಸ್ತುವನ್ನೂ ಪ್ರಾಣಿ ವಿಭಾಗದ ಒಪ್ಪಿಗೆಯಿಲ್ಲದೆ ತರಬೇಡಿ. ತಾಮ್ರ ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಸೇರಿದರೂ ಸೀಗಡಿ, ಹವಳ, ಕಡಲ ನಕ್ಷತ್ರಗಳಂಥ ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ಮಾರಕ. ಸಮಾರಂಭದ ಅಲಂಕಾರಕ್ಕೆ ತಂದ ಮಿನುಗುಪುಡಿ ಮತ್ತು ಬಲೂನಿನ ಚೂರುಗಳನ್ನು ಪ್ರಾಣಿಗಳು ನುಂಗಬಹುದು.

ಇನ್ನು ಬರಹ. ಹೆಸರುಗಳಲ್ಲಿ ತಪ್ಪಿದರೆ ಪಾಲಕರ ನಂಬಿಕೆಯನ್ನು ಕಳೆದುಕೊಂಡಂತೆಯೇ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಗಳಿರುವ ಕ್ಲೌನ್ ಮೀನುಗಳಲ್ಲಿ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಮತ್ತು ಆಂಫಿಪ್ರಿಯಾನ್ ಪರ್ಕ್ಯುಲಾ ಎಂಬ ಎರಡು ಪ್ರಭೇದಗಳು ನೋಡಲು ಒಂದೇ ತೆರನಾಗಿವೆ. ಮೊದಲನೆಯದರ ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 11 ಮುಳ್ಳುಗಳು, ಎರಡನೆಯದರಲ್ಲಿ 10. ಎರಡನೆಯದರ ಬಿಳಿ ಪಟ್ಟಿಗಳ ಕಪ್ಪು ಅಂಚು ಹೆಚ್ಚು ದಪ್ಪ. ಚಿತ್ರ ಬರೆಯುವಾಗ ಒಂದರ ಹೆಸರಿನ ಕೆಳಗೆ ಇನ್ನೊಂದನ್ನು ಬರೆದುಬಿಡುವುದು ಬಹಳ ಸುಲಭ. ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ತೊಡಕುಗಳಿವೆ. ನಕ್ಷತ್ರ ಮೀನು, ಅಂಬಲಿ ಮೀನು ಎಂದು ನಾವು ಕರೆಯುವ ಜೀವಿಗಳು ಮೀನುಗಳೇ ಅಲ್ಲದ ಕಾರಣ ಕಡಲ ನಕ್ಷತ್ರ, ಜೆಲ್ಲಿ ಎಂಬ ಬಳಕೆ ಹೆಚ್ಚು ಸರಿ. ಹಾಗೆಯೇ ಸಿಂಹಮೀನಿನ ಮುಳ್ಳಿಗೂ ಪಫರ್ ಮೀನಿನ ಒಳಾಂಗಗಳಿಗೂ ನಾವು ಒಂದೇ "ವಿಷ" ಎಂಬ ಮಾತನ್ನು ಬಳಸುತ್ತೇವೆ. ಒಂದು ಚುಚ್ಚಿದರೆ ವಿಷ, ಇನ್ನೊಂದು ತಿಂದರೆ ವಿಷ ಎಂದು ಬಿಡಿಸಿ ಬರೆಯಬೇಕು. ಒಂದು ಫಲಕಕ್ಕೆ ಒಂದೇ ವಿಚಾರ, ಐವತ್ತು ಅರುವತ್ತು ಪದಗಳು ಸಾಕು. ಪ್ರಾಣಿಗಳು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುವುದರಿಂದ, ಪ್ರತಿ ಪ್ರಭೇದದ ಪಟ್ಟಿಯನ್ನು ಬಿಡಿಯಾಗಿ ತೆಗೆದು ಹಾಕುವಂತೆ ಚೌಕಟ್ಟನ್ನು ರೂಪಿಸಿ.

ಹಂತ 6: ಮಾರ್ಕೆಟಿಂಗ್‌ನ ಒಳಗುಟ್ಟುಗಳು

ಶಾಲೆಯ ರಜೆ, ವಾರಾಂತ್ಯ ಮತ್ತು ಮಳೆ, ಈ ಮೂರೂ ಕೂಡಿದ ದಿನ ಯಾವ ಜಾಹೀರಾತೂ ಇಲ್ಲದೆ ಮತ್ಸ್ಯಾಲಯ ತುಂಬುತ್ತದೆ. ಅಂಥ ದಿನಕ್ಕೆ ಇನ್ನಷ್ಟು ಜನರನ್ನು ಕರೆದರೆ ಗಾಜಿನ ಮುಂದೆ ನಾಲ್ಕು ಸಾಲು ಜನ ನಿಂತು, ಹಿಂದಿನವರಿಗೆ ತಲೆಗಳೇ ಕಾಣುತ್ತವೆ. ಹಾಗಾಗಿ ವಾರದ ನಡುವಿನ ಖಾಲಿ ಮಧ್ಯಾಹ್ನಗಳನ್ನು ತುಂಬುವುದೇ ನಿಮ್ಮ ಅಸಲು ಕೆಲಸ; ವೇಳೆ ನಿಗದಿಪಡಿಸಿದ ಟಿಕೆಟ್, ಶಾಲಾ ತಂಡಗಳು, ಸದಸ್ಯರಿಗೆ ಮೀಸಲಾದ ಸಂಜೆಗಳು ಅದಕ್ಕೆ ಸಾಧನಗಳು. ಹಾಜರಿಯ ಸಂಖ್ಯೆಯೊಂದನ್ನೇ ನೋಡದೆ, ಸದಸ್ಯತ್ವವನ್ನು ಎಷ್ಟು ಮಂದಿ ನವೀಕರಿಸಿದರು ಎಂಬುದನ್ನು ತಿಂಗಳಿಗೊಮ್ಮೆ ನೋಡಿ. ಒಮ್ಮೆ ಬಂದು ನಿರಾಶರಾದವರು ದೂರು ಬರೆಯುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಮರಳಿ ಬರುವುದನ್ನು ನಿಲ್ಲಿಸುತ್ತಾರೆ.

ಈ ಕ್ಷೇತ್ರದ ಒಳ್ಳೆಯ ಪ್ರಚಾರಗಳು ಪ್ರಾಣಿಯ ನಿಜವಾದ ನಡವಳಿಕೆಯಿಂದಲೇ ಹುಟ್ಟಿವೆ. 2020ರ ಮೇ ತಿಂಗಳಲ್ಲಿ ಟೋಕಿಯೊದ ಸುಮಿದಾ ಮತ್ಸ್ಯಾಲಯ ಮುಚ್ಚಿದ್ದಾಗ, ಮರಳಿನಲ್ಲಿ ಅರ್ಧ ಮೈ ಹುದುಗಿಸಿ ನಿಲ್ಲುವ ಸುಮಾರು 300 ಗಾರ್ಡನ್ ಹಾವುಮೀನುಗಳು ಮನುಷ್ಯರನ್ನು ಕಾಣದೆ, ಪಾಲಕರು ಹತ್ತಿರ ಹೋದರೂ ಅಡಗಿಕೊಳ್ಳತೊಡಗಿದವು. ಆಗ ಅಲ್ಲಿನವರು ತೊಟ್ಟಿಯ ಮುಂದೆ ಟ್ಯಾಬ್ಲೆಟ್‌ಗಳನ್ನು ಇಟ್ಟು, ವಿಡಿಯೊ ಕರೆ ಮಾಡಿ ಹಾವುಮೀನುಗಳಿಗೆ ಮುಖ ತೋರಿಸಿರೆಂದು ಸಾರ್ವಜನಿಕರನ್ನು ಕೇಳಿಕೊಂಡರು. ಪಾಲಕರಿಗೆ ನಿಜವಾಗಿ ಎದುರಾದ ತೊಂದರೆಯೇ ಪ್ರಚಾರದ ವಿಷಯವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಷಿಕಾಗೋದ ಶೆಡ್ ಮತ್ಸ್ಯಾಲಯದ ಪೆಂಗ್ವಿನ್‌ಗಳು ಖಾಲಿ ಮೊಗಸಾಲೆಗಳಲ್ಲಿ ಅಡ್ಡಾಡಿದ ದೃಶ್ಯ ಜಗತ್ತನ್ನೆಲ್ಲ ಸುತ್ತಿತು. ಸುಮಿದಾ ಮತ್ತು ಕ್ಯೋಟೊ ಮತ್ಸ್ಯಾಲಯಗಳು ಪ್ರಕಟಿಸುವ ಪೆಂಗ್ವಿನ್‌ಗಳ ಸಂಬಂಧದ ನಕ್ಷೆಯನ್ನು ವಿನ್ಯಾಸದ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು: ಯಾವುದು ಯಾವುದರ ಜೋಡಿ, ಯಾವುದು ಜೋಡಿಯನ್ನು ತೊರೆದಿದೆ, ಯಾವುದಕ್ಕೆ ಯಾವ ಪಾಲಕರ ಮೇಲೆ ಒಲವು ಎಂಬುದನ್ನೆಲ್ಲ ಬಾಣದ ಗುರುತುಗಳಿಂದ ಹೆಣೆದ ಆ ಹಾಳೆಯ ಹಿಂದೆ ಪಾಲಕರ ದಿನನಿತ್ಯದ ನೋಟವಿದೆ.

ಸಂರಕ್ಷಣೆಯ ಸಂದೇಶಕ್ಕೆ ನನ್ನ ಮೆಚ್ಚಿನ ಉದಾಹರಣೆ ಮಾಂಟೆರೆ ಬೇ ಮತ್ಸ್ಯಾಲಯವು 1999ರಲ್ಲಿ ಆರಂಭಿಸಿದ ಸೀಫುಡ್ ವಾಚ್. ಯಾವ ಮೀನನ್ನು ಕೊಳ್ಳಬಹುದು, ಯಾವುದು ಬೇಡ ಎಂಬುದನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ವಿಂಗಡಿಸಿ, ಜೇಬಿನಲ್ಲಿಡುವ ಪುಟ್ಟ ಮಡಿಕೆ ಚೀಟಿಯಾಗಿ ಜನರ ಕೈಗೆ ಕೊಟ್ಟರು. ಕಡಲನ್ನು ಉಳಿಸಿ ಎಂಬ ಭಿತ್ತಿಚಿತ್ರ ಮನೆಗೆ ಬರುವುದಿಲ್ಲ. ಚೀಟಿ ಮೀನಿನಂಗಡಿಯವರೆಗೂ ಬರುತ್ತದೆ.

ಹಂತ 7: ಪೋರ್ಟ್‌ಫೋಲಿಯೊ ಮತ್ತು ಅರ್ಜಿ

ಮತ್ಸ್ಯಾಲಯದ ಅನುಭವ ಇಲ್ಲದಿದ್ದರೂ ಪೋರ್ಟ್‌ಫೋಲಿಯೊ ಸಿದ್ಧಪಡಿಸಬಹುದು. ಮೂರನೆಯ ಹಂತದ ಟಿಪ್ಪಣಿಗಳನ್ನು ಆಧಾರವಾಗಿಟ್ಟುಕೊಂಡು ಒಂದು ತೊಟ್ಟಿಗೆ ಹೊಸ ಫಲಕವನ್ನು ರೂಪಿಸಿ; ಹಳೆಯ ಫಲಕದ ಮುಂದೆ ಜನ ಏನು ಮಾಡುತ್ತಿದ್ದರು, ನೀವು ಯಾಕೆ ಹೀಗೆ ಬದಲಿಸಿದಿರಿ ಎಂಬುದನ್ನು ಅರ್ಧ ಪುಟದಲ್ಲಿ ಬರೆಯಿರಿ. ಜೊತೆಗೆ ನೀವೇ ತೆಗೆದ ಐದಾರು ಚಿತ್ರಗಳು, ವಾರದ ನಡುವಿನ ದಿನಗಳಿಗಾಗಿ ಒಂದು ಸಣ್ಣ ಪ್ರಚಾರ ಯೋಜನೆ, ಒಂದು ಪ್ರಚಾರದ ಇಮೇಲ್‌ನ ಮಾದರಿ ಇರಲಿ. ಎರವಲು ತಂದ ಸ್ಟಾಕ್ ಚಿತ್ರಗಳನ್ನು ಹಾಕಬೇಡಿ. ಸಿಹಿನೀರಿನ ಮೀನನ್ನು ಹವಳದ ಹಿನ್ನೆಲೆಗೆ ಅಂಟಿಸಿದ ಪುಟವನ್ನು ಕಂಡ ಕ್ಯುರೇಟರ್, ಅಂದರೆ ಪ್ರಾಣಿಸಂಗ್ರಹದ ಹೊಣೆ ಹೊತ್ತವರು, ಮುಂದಿನ ಪುಟವನ್ನು ತಿರುವುವುದೇ ಇಲ್ಲ. ಹುದ್ದೆಗಳ ಪ್ರಕಟಣೆಗಳು ಎಝಡ್‌ಎ, ಯುರೋಪಿನ ಈಎಝಡ್‌ಎ ಮುಂತಾದ ಸಂಘಗಳ ತಾಣಗಳಲ್ಲಿ ಸಿಗುತ್ತವೆ. ಈ ಕೆಲಸಕ್ಕೆ ಬರುವವರು ಪ್ರಾಣಿಗಳ ಮೇಲಿನ ಪ್ರೀತಿಯಿಂದ ಬರುತ್ತಾರೆ ಎಂಬುದನ್ನು ಸಂಸ್ಥೆಗಳೂ ಬಲ್ಲವಾದ್ದರಿಂದ, ಸಂಬಳದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿ ಮುಗಿಸಿ.

ಹಂತ 8: ಮೊದಲ ವರ್ಷ

ಸೇರಿದ ವಾರವೇ ಪಾಲಕರ ಜೊತೆ ಒಂದು ಬೆಳಗನ್ನು ಕಳೆಯಲು ಅನುಮತಿ ಕೇಳಿ. ಮೀನು ಕತ್ತರಿಸಿ, ನೆಲ ತೊಳೆದು, ತೊಟ್ಟಿಗಳ ಹಿಂಬದಿಯ ಕೊಳವೆಗಳನ್ನೂ ಸೋಸುಯಂತ್ರಗಳನ್ನೂ ನೋಡಿ. ಹೊಸ ಪ್ರಾಣಿ ಬಂದಾಗ ಅದು ಪ್ರತ್ಯೇಕ ತೊಟ್ಟಿಯಲ್ಲಿ ಕ್ವಾರಂಟೈನ್ ಮುಗಿಸುವವರೆಗೆ ಪ್ರಕಟಣೆಯ ದಿನಾಂಕವನ್ನು ಯಾರಿಗೂ ಕೊಡಬೇಡಿ. ಪಠ್ಯ ಮತ್ತು ಚಿತ್ರಗಳಿಗೆ ಯಾರು, ಎಷ್ಟು ದಿನದೊಳಗೆ ಒಪ್ಪಿಗೆ ಕೊಡಬೇಕು ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಇದಿಲ್ಲದ ಕಡೆ ಎಲ್ಲರೂ ಎಲ್ಲವನ್ನೂ ಕೊನೆಯ ಗಳಿಗೆಯಲ್ಲಿ ತಿದ್ದುತ್ತಾರೆ.

ಕೆಟ್ಟ ಸುದ್ದಿಗೂ ಮೊದಲೇ ಸಿದ್ಧರಾಗಿರಬೇಕು. 2022ರ ಡಿಸೆಂಬರ್ 16ರ ಮುಂಜಾನೆ ಬರ್ಲಿನ್‌ನ ಹೋಟೆಲೊಂದರ ಮೊಗಸಾಲೆಯಲ್ಲಿದ್ದ ಆಕ್ವಾಡೋಮ್ ಎಂಬ ಸಿಲಿಂಡರ್ ತೊಟ್ಟಿ ಒಡೆದು, 10 ಲಕ್ಷ ಲೀಟರ್ ನೀರು ಮತ್ತು ಸುಮಾರು 1,500 ಮೀನುಗಳು ಹೊರಗೆ ಚೆಲ್ಲಿದವು. ಇಂಥ ಅನಾಹುತ ಅಪರೂಪ, ಆದರೆ ಜನರ ಅಚ್ಚುಮೆಚ್ಚಿನ ಪ್ರಾಣಿ ಸಾಯುವುದು ಪ್ರತಿ ಮತ್ಸ್ಯಾಲಯದಲ್ಲೂ ನಡೆಯುತ್ತದೆ. ಸಾವಿನ ಸುದ್ದಿಯನ್ನು ಮೊದಲು ಪಾಲಕರಿಗೆ ಮತ್ತು ಸಿಬ್ಬಂದಿಗೆ, ನಂತರ ಸದಸ್ಯರಿಗೆ, ಆಮೇಲೆ ಪತ್ರಿಕೆಗಳಿಗೆ, ಇವೆಲ್ಲವನ್ನೂ ಒಂದೇ ದಿನದಲ್ಲಿ, ತಿಳಿದಷ್ಟನ್ನು ಮಾತ್ರ, ಸರಳ ಮಾತುಗಳಲ್ಲಿ ತಿಳಿಸಬೇಕು. ಶವಪರೀಕ್ಷೆಯ ವರದಿ ಬರುವ ಮೊದಲು ಕಾರಣವನ್ನು ಊಹಿಸಬಾರದು. ಆ ವಾರಕ್ಕೆಂದು ಮೊದಲೇ ಸಿದ್ಧಪಡಿಸಿಟ್ಟ, ಅದೇ ಪ್ರಾಣಿಯ ನಗುಮುಖದ ಜಾಹೀರಾತುಗಳನ್ನು ಎಲ್ಲ ಕಡೆಯಿಂದ ನಿಲ್ಲಿಸಲು ಮರೆಯಬೇಡಿ. ಮರುದಿನ ಬಾಗಿಲು ತೆರೆಯುವ ಮುನ್ನ ಒಂದು ಸ್ಕ್ರೂಡ್ರೈವರ್ ಹಿಡಿದು ನೀವೇ ತೊಟ್ಟಿಯ ಬಳಿಗೆ ಹೋಗಿ, ಚೌಕಟ್ಟಿನಿಂದ ಆ ಪ್ರಭೇದದ ಪಟ್ಟಿಯನ್ನು ತೆಗೆಯಿರಿ. "ಎಲ್ಲಿದೆ?" ಎಂದು ಕೇಳುತ್ತಾ ಬರುವ ಮೊದಲ ಮಗುವಿಗೆ ಏನು ಹೇಳಬೇಕೆಂಬುದನ್ನು ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಎರಡು ಸಾಲಿನಲ್ಲಿ ಬರೆದುಕೊಡಿ.